ಚಳಿ ಕವಿಯುವ ಮುನ್ನ ಸ್ಮಾಲ್‌ಮೌತ್ ಬಾಸ್: ಎಲ್ಲಿ ಹುಡುಕಬೇಕು, ಹೇಗೆ ಹಿಡಿಯಬೇಕು

ಆಗಸ್ಟ್ ಮುಗಿಯುತ್ತಿದ್ದಂತೆ ಮಿಷಿಗನ್‌ನ ಕನ್ನಡಿಗ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಪ್ರತಿ ವರ್ಷವೂ ಒಂದೇ: "ಜೂನ್‌ನಲ್ಲಿ ಇದೇ ಜಾಗದಲ್ಲಿ ಬೇಕಾದಷ್ಟು ಸಿಗುತ್ತಿತ್ತು, ಈಗ ಗಾಳ ಮುಟ್ಟುವ ಮೀನೇ ಇಲ್ಲ. ಎಲ್ಲಿ ಹೋದವು?" ಅವರ ಎರೆಯಲ್ಲಿ ತಪ್ಪಿಲ್ಲ, ಎಸೆತದಲ್ಲೂ ತಪ್ಪಿಲ್ಲ. ಮೀನು ನಿಜವಾಗಿಯೂ ಜಾಗ ಬಿಟ್ಟು ಹೊರಟಿರುತ್ತದೆ.

ಬೇಸಿಗೆಯಲ್ಲಿ ನದಿಯ ಉದ್ದಕ್ಕೂ, ಸರೋವರದ ತುಂಬ ಚದುರಿಕೊಂಡಿರುವ ಸ್ಮಾಲ್‌ಮೌತ್ ಬಾಸ್, ನೀರು ತಣ್ಣಗಾಗುತ್ತಾ ಬಂದಂತೆ ಚಳಿಗಾಲ ಕಳೆಯುವ ಜಾಗದ ಕಡೆಗೆ ಸರಿಯುತ್ತದೆ. ಸರಿಯುವಾಗ ಗುಂಪುಗೂಡುತ್ತದೆ, ಹೊಟ್ಟೆ ತುಂಬ ತಿನ್ನುತ್ತದೆ. ಹಾಗಾಗಿ ಈ ಕಾಲದಲ್ಲಿ ಒಂದು ಮೈಲಿ ನೀರು ಬರಿದಾಗಿರಬಹುದು, ಮುಂದಿನ ನೂರು ಅಡಿಯಲ್ಲಿ ಇಪ್ಪತ್ತು ಮೀನುಗಳಿರಬಹುದು. ಎಸೆಯುವುದಕ್ಕಿಂತ ಹುಡುಕುವುದಕ್ಕೆ ಹೆಚ್ಚು ಹೊತ್ತು ಕೊಡಿ. ಈ ಲೇಖನದ ಮುಖ್ಯ ಮಾತು ಅದೇ.

ನಾನು ಬಲ್ಲದ್ದು ಆಗ್ನೇಯ ಮಿಷಿಗನ್‌ನ ನೀರು: ಹ್ಯೂರಾನ್ ನದಿ ಮತ್ತು ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಸರೋವರ. ಉದಾಹರಣೆಗಳೆಲ್ಲ ಅಲ್ಲಿಯವೇ. ಓಹಾಯೊ, ವಿಸ್ಕಾನ್ಸಿನ್, ಒಂಟಾರಿಯೊ ಕಡೆ ಇರುವವರಿಗೂ ಮೀನಿನ ನಡವಳಿಕೆ ಹೆಚ್ಚುಕಡಿಮೆ ಇದೇ. ನಿಯಮಗಳು ಮಾತ್ರ ಬೇರೆ.

1. ಮೊದಲು ಪರವಾನಗಿ

ಮಿಷಿಗನ್‌ನಲ್ಲಿ 17 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮೀನು ಹಿಡಿಯುವ ಪರವಾನಗಿ ಬೇಕು. ವಾರ್ಷಿಕ ಪರವಾನಗಿ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ನಡೆಯುತ್ತದೆ. ಊರಿನಿಂದ ಬಂದ ಅಪ್ಪ, ಮಾವ ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದರೆ ಬೇಕಿಲ್ಲ. ಕೋಲು ಕೈಗೆ ತೆಗೆದುಕೊಂಡರೆ ಅವರಿಗೂ ಬೇಕು. ಅದಕ್ಕೆಂದೇ 24 ಗಂಟೆಯ ಪರವಾನಗಿ ಸಿಗುತ್ತದೆ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಮನೆಗೆ ಒಯ್ಯುವುದಾದರೆ ಮೀನು ಕನಿಷ್ಠ 14 ಅಂಗುಲ ಇರಬೇಕು. ಬಾಯಿ ಮುಚ್ಚಿಸಿ, ಬಾಲದ ಎರಡು ತುದಿಗಳನ್ನು ಒತ್ತಿ ಸೇರಿಸಿ ಅಳೆಯಬೇಕು. ಒಬ್ಬರಿಗೆ ದಿನಕ್ಕೆ ಐದು ಬಾಸ್, ಲಾರ್ಜ್‌ಮೌತ್ ಎಂಬ ಇನ್ನೊಂದು ಬಗೆಯ ಬಾಸ್ ಕೂಡ ಸೇರಿ. ಇಟ್ಟುಕೊಳ್ಳುವ ಅವಕಾಶ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಕೆಲವು ನದಿಗಳ ಕೆಲವು ಭಾಗಗಳಿಗೆ ಪ್ರತ್ಯೇಕ ನಿಯಮಗಳಿವೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಆ ವರ್ಷದ ನಿಯಮಪುಸ್ತಕದಲ್ಲಿ ನಿಮ್ಮ ನದಿಯ ಹೆಸರನ್ನು ಹುಡುಕಿ ಓದಿಕೊಂಡೇ ಹೊರಡಿ. ಸೇಂಟ್ ಕ್ಲೇರ್ ಸರೋವರದ ನಡುವೆ ಕೆನಡಾದ ಗಡಿ ಹಾದುಹೋಗುತ್ತದೆ. ದೋಣಿಯಲ್ಲಿ ಆಚೆ ಹೋಗಿ ಗಾಳ ಹಾಕಬೇಕಾದರೆ ಒಂಟಾರಿಯೊ ಪರವಾನಗಿ ಬೇಕು.

2. ಮೀನನ್ನು ಗುರುತಿಸಿ

ಸ್ಮಾಲ್‌ಮೌತ್ ಕಂಚಿನ ಬಣ್ಣದ ಮೀನು. ಪಕ್ಕೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಮಾಸಲು ಪಟ್ಟೆಗಳು, ಹಲವು ಮೀನುಗಳಲ್ಲಿ ಕೆಂಪು ಕಣ್ಣು. ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿ ಕಣ್ಣಿನ ಹಿಂಬದಿಯನ್ನು ದಾಟುವುದಿಲ್ಲ. ಲಾರ್ಜ್‌ಮೌತ್ ಹಸಿರು ಮೀನು. ಅದರ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಒಂದೇ ಕಪ್ಪು ಗೆರೆ, ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ. ಲಾರ್ಜ್‌ಮೌತ್‌ಗೆ ಹುಲ್ಲು, ಕೊರಡು, ಕೆಸರು ಇಷ್ಟ. ಸ್ಮಾಲ್‌ಮೌತ್‌ಗೆ ಕಲ್ಲು, ತಿಳಿನೀರು, ಹರಿವು. ಹುಡುಕಾಟ ಶುರುವಾಗುವುದು ಈ ವ್ಯತ್ಯಾಸದಿಂದ.

3. ಬೇಕಾದ ಸಾಮಾನು

ದೊಡ್ಡ ಪೆಟ್ಟಿಗೆ ಬೇಡ. ಸುಮಾರು ಏಳು ಅಡಿಯ ಮಧ್ಯಮ ಬಿರುಸಿನ ಸ್ಪಿನ್ನಿಂಗ್ ರಾಡ್, 2500 ಅಥವಾ 3000 ಗಾತ್ರದ ರೀಲ್. ರೀಲ್‌ಗೆ 10 ಪೌಂಡ್ ಎಳೆತ ತಾಳುವ ಹೆಣೆದ ದಾರ, ಅದರ ತುದಿಗೆ ಆರೇಳು ಅಡಿಯಷ್ಟು 8 ಪೌಂಡ್‌ನ ಫ್ಲೋರೋಕಾರ್ಬನ್ ದಾರ. ಈ ತುದಿಯ ತುಂಡನ್ನು ಲೀಡರ್ ಎನ್ನುತ್ತಾರೆ. ಹೆಣೆದ ದಾರ ಹಿಗ್ಗುವುದಿಲ್ಲ, ಆದ್ದರಿಂದ ತಳದ ಸಣ್ಣ ಸ್ಪರ್ಶವೂ ಕೈಗೆ ತಿಳಿಯುತ್ತದೆ. ಫ್ಲೋರೋಕಾರ್ಬನ್ ತಿಳಿನೀರಿನಲ್ಲಿ ಮೀನಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಕೃತಕ ಎರೆಗಳಲ್ಲಿ ಮೂರು ಸಾಕು:

ಟ್ಯೂಬ್: ಮೂರೂವರೆ ಅಂಗುಲದ ಮೆತ್ತನೆಯ ಟೊಳ್ಳು ಕೊಳವೆ, ಹಿಂದೆ ಕುಚ್ಚು. ಒಳಗೆ ಜಿಗ್, ಅಂದರೆ ಭಾರದ ಗುಂಡು ಎರಕ ಹೊಯ್ದ ಗಾಳ, ಕೂರಿಸಬೇಕು. ನದಿಗೆ 1/8 ಔನ್ಸ್, ಸರೋವರಕ್ಕೆ 1/4 ಅಥವಾ 3/8 ಔನ್ಸ್. ಬಣ್ಣ ಪಾಚಿಹಸಿರು ಇಲ್ಲವೇ ಕಂದು.

ನೆಡ್ ರಿಗ್: ಅಣಬೆಯಾಕಾರದ ಹಗುರ ಜಿಗ್‌ಗೆ ಪೋಣಿಸಿದ, ಹೆಚ್ಚುಕಡಿಮೆ ಮೂರು ಅಂಗುಲದ ಮೆತ್ತನೆಯ ಕಡ್ಡಿ. ತಳದಲ್ಲಿ ತಲೆಕೆಳಗಾಗಿ ನಿಂತು ತೂಗಾಡುತ್ತದೆ. ಮೊದಲ ಬಾರಿ ಹೊರಟವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಜರ್ಕ್‌ಬೇಟ್: ನೀಳ ಮೀನಿನಾಕಾರದ ಗಟ್ಟಿ ಎರೆ. ಎಳೆದಾಗ ಅಡ್ಡಾದಿಡ್ಡಿ ಹಾರುತ್ತದೆ, ನಿಲ್ಲಿಸಿದಾಗ ನೀರಿನ ನಡುವೆ ಅಲ್ಲೇ ತೇಲಿ ನಿಲ್ಲುತ್ತದೆ. ಕೊಳ್ಳುವಾಗ ಹೀಗೆ ನಿಲ್ಲುವ ಜಾತಿಯದೇ ಎಂದು ಖಚಿತಪಡಿಸಿಕೊಳ್ಳಿ.

ಜೊತೆಗೆ ಪೋಲರೈಸ್ಡ್ ಕನ್ನಡಕ, ಉದ್ದ ಮೂತಿಯ ಇಕ್ಕಳ, ಅಳತೆಪಟ್ಟಿ. ಇನ್ನೊಂದು ವಸ್ತುವನ್ನು ದಯವಿಟ್ಟು ಮರೆಯಬೇಡಿ: ದಾರ ಕಟ್ಟಿದ ಒಂದು ಅಗ್ಗದ ಥರ್ಮಾಮೀಟರ್.

4. ಕ್ಯಾಲೆಂಡರ್ ಬಿಡಿ, ನೀರನ್ನು ಅಳೆಯಿರಿ

"ಸೆಪ್ಟೆಂಬರ್ ಮೂರನೇ ವಾರ ಹೋದರೆ ಸಿಗುತ್ತದಾ?" ಎಂದು ಕೇಳುತ್ತಾರೆ. ವಾರ ಕೇಳಿ ಪ್ರಯೋಜನವಿಲ್ಲ. ಮೀನಿಗೆ ತಿಳಿಯುವುದು ಹಗಲಿನ ಉದ್ದ ಮತ್ತು ನೀರಿನ ಬಿಸುಪು. ಥರ್ಮಾಮೀಟರನ್ನು ನೀರಿನಲ್ಲಿ ಒಂದೆರಡು ಅಡಿ ಇಳಿಸಿ, ಒಂದು ನಿಮಿಷ ಬಿಟ್ಟು ಓದಿ. ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ.

70 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (21 ಸೆಲ್ಸಿಯಸ್) ಮೇಲಿದ್ದರೆ ಇನ್ನೂ ಬೇಸಿಗೆಯೇ. ಬೆಳಗಿನ ಜಾವ, ಮುಸ್ಸಂಜೆ ಹೋಗಿ.

65ರಿಂದ 55ರವರೆಗೆ (18ರಿಂದ 13 ಸೆಲ್ಸಿಯಸ್) ಸುಗ್ಗಿ. ಮೀನು ಚುರುಕಾಗಿ, ಆಳವಿಲ್ಲದ ನೀರಿಗೂ ಬಂದು, ಮರಿಮೀನುಗಳನ್ನು ಅಟ್ಟಿಸಿಕೊಂಡು ತಿನ್ನುತ್ತದೆ. ವೇಗದ ಎರೆಗೂ ಬೀಳುತ್ತದೆ.

55ರಿಂದ 45ರ (13ರಿಂದ 7 ಸೆಲ್ಸಿಯಸ್) ನಡುವೆ ಗುಂಪುಗಳು ಆಳದ ಅಂಚಿಗೆ ಸರಿಯುತ್ತವೆ. ಕಚ್ಚುವಿಕೆಗಳ ಸಂಖ್ಯೆ ಕಡಿಮೆ, ಮೀನಿನ ತೂಕ ಹೆಚ್ಚು. ಈರಿ ಸರೋವರದ ಕೆನಡಾ ಭಾಗದಲ್ಲಿ 10.15 ಪೌಂಡ್‌ನ ಸ್ಮಾಲ್‌ಮೌತ್ ಸಿಕ್ಕಿದ್ದು 2022ರ ನವೆಂಬರ್ 3ರಂದು. ಬಹಳ ಜನ ಕೋಲು ಕಟ್ಟಿಟ್ಟ ಮೇಲಿನ ಮಾತು ಅದು.

45ಕ್ಕಿಂತ ಕೆಳಗೆ ಇಳಿದರೆ ಮೀನು ಚಳಿಗಾಲದ ಮಡುವಿನಲ್ಲಿ ಬಹುತೇಕ ಅಲ್ಲಾಡದೆ ನಿಂತಿರುತ್ತದೆ. ಮೂಗಿನ ಮುಂದೆ ಎರೆ ಇಟ್ಟರಷ್ಟೇ ಬಾಯಿ ತೆರೆಯುತ್ತದೆ.

ಒಂದು ಎಚ್ಚರಿಕೆ. ಬಿಸುಪು ನಿಧಾನವಾಗಿ ಇಳಿಯುತ್ತಿದ್ದರೆ ಒಳ್ಳೆಯದು. ಒಂದೇ ರಾತ್ರಿಯಲ್ಲಿ ಬಡಗಣ ಗಾಳಿ ಬೀಸಿ ನೀರು ಐದಾರು ಡಿಗ್ರಿ ಕುಸಿದರೆ, ಮರುದಿನ ಆಕಾಶ ಎಷ್ಟೇ ನೀಲಿಯಾಗಿದ್ದರೂ ಮೀನು ಬಾಯಿ ಮುಚ್ಚಿಕೊಂಡಿರುತ್ತದೆ. ಎರಡು ದಿನ ತಡೆದು ಹೋಗಿ. ಅಕ್ಟೋಬರ್ ಕೊನೆಯ ಹೊತ್ತಿಗೆ ನಸುಕಿನಲ್ಲಿ ಏಳುವ ಅಗತ್ಯವೂ ಇಲ್ಲ. ಬಿಸಿಲು ನೀರನ್ನು ಒಂದೆರಡು ಡಿಗ್ರಿ ಏರಿಸಿದ ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತೇ ಆಗ ಚೆನ್ನ.

5. ನದಿಯಲ್ಲಿ ಹುಡುಕುವುದು

ದೋಣಿ ಇಲ್ಲದವರಿಗೆ ನದಿಯೇ ದಾರಿ. ಆನ್ ಆರ್ಬರ್ ಮೇಲ್ಭಾಗದ ಹ್ಯೂರಾನ್ ನದಿಯಲ್ಲಿ ಹಡ್ಸನ್ ಮಿಲ್ಸ್, ಡೆಕ್ಸ್‌ಟರ್-ಹ್ಯೂರಾನ್, ಡೆಲ್ಹೈ ಮೆಟ್ರೋಪಾರ್ಕ್‌ಗಳಿಂದ ನೀರಿಗೆ ಇಳಿಯಬಹುದು. ಹೊರಡುವ ಮುನ್ನ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಅಂತರ್ಜಾಲ ತಾಣದಲ್ಲಿ ಆನ್ ಆರ್ಬರ್ ಬಳಿಯ ಹರಿವಿನ ಅಂಕಿ ನೋಡಿ. ಹಿಂದಿನ ವಾರಕ್ಕಿಂತ ಹರಿವು ತುಂಬ ಏರಿದ್ದರೆ ಆ ದಿನ ನೀರಿಗೆ ಇಳಿಯಬೇಡಿ.

ನದಿಯನ್ನು ಮೂರು ಬಗೆಯ ನೀರಾಗಿ ನೋಡಲು ಕಲಿಯಿರಿ. ಕಲ್ಲುಗಳ ಮೇಲೆ ತೆಳ್ಳಗೆ ಸದ್ದು ಮಾಡುತ್ತಾ ಓಡುವ ನೀರು ಒಂದು. ಅದರ ಕೆಳಗೆ ಮೊಣಕಾಲಿನಿಂದ ಸೊಂಟದವರೆಗಿನ ಆಳದಲ್ಲಿ ಸಮನಾಗಿ ಹರಿಯುವ ನೀರು ಎರಡು. ತಿರುವಿನಲ್ಲಿ ಕೊರೆದು ಆಳವಾದ ಮಡು ಮೂರು. ಬೇಸಿಗೆಯ ಮೀನು ಮೊದಲ ಎರಡರಲ್ಲಿ ಹರಡಿಕೊಂಡಿರುತ್ತದೆ. ನೀರು 60ರ ಆಸುಪಾಸಿಗೆ ಬಂದಾಗ ಎರಡನೆಯದರ ಕೊನೆಯಲ್ಲಿ, ಮಡು ಶುರುವಾಗುವ ತಲೆಯಲ್ಲಿ ಸೇರುತ್ತದೆ. 50ಕ್ಕೆ ಬಂದಾಗ ಮಡುವಿನ ಒಳಗೆ, ಹರಿವು ತಾಗದ ದೊಡ್ಡ ಬಂಡೆಗಳ ಹಿಂದೆ. ನಿಮ್ಮ ಭಾಗದಲ್ಲಿ ಅಂಥ ಆಳದ ಮಡು ಇಲ್ಲದಿದ್ದರೆ ಅಲ್ಲಿನ ಮೀನು ಮಡು ಇರುವಲ್ಲಿಗೆ ಹೊರಟುಹೋಗುತ್ತದೆ. ಕೆಲವು ನದಿಗಳಲ್ಲಿ ಇವು ಹತ್ತಾರು ಮೈಲಿ ಸಾಗುವುದುಂಟು. ಜೂನ್‌ನ ಜಾಗ ಅಕ್ಟೋಬರ್‌ನಲ್ಲಿ ಬರಿದಾಗುವುದು ಹೀಗೆ.

ಪ್ರತಿ ಭಾಗದಲ್ಲೂ ವೇಗದ ನೀರು ಮತ್ತು ನಿಧಾನದ ನೀರು ಕೂಡುವ ಗೆರೆಯನ್ನು ಹುಡುಕಿ. ನೊರೆಯೂ ಉದುರಿದ ಎಲೆಗಳೂ ಆ ಗೆರೆಯಲ್ಲಿ ಸಾಲುಗಟ್ಟಿ ಹೋಗುತ್ತಿರುತ್ತವೆ, ಕಣ್ಣಿಗೆ ಸುಲಭವಾಗಿ ಕಾಣುತ್ತದೆ. ಮೀನು ನಿಧಾನದ ಬದಿಯಲ್ಲಿ ನಿಂತು, ವೇಗದ ನೀರು ಹೊತ್ತು ತರುವುದನ್ನು ತಿನ್ನುತ್ತದೆ. ಎರೆಯನ್ನು ವೇಗದ ಬದಿಗೆ, ಮೇಲ್ಗಡೆಗೆ ಎಸೆದು, ಹರಿವಿನ ಜೊತೆ ಗೆರೆ ದಾಟಿ ಇಳಿಯಲು ಬಿಡಿ.

ಸೆಪ್ಟೆಂಬರ್‌ನ ನದಿ ತಗ್ಗಿರುತ್ತದೆ, ಗಾಜಿನಂತೆ ತಿಳಿಯಾಗಿರುತ್ತದೆ. ನೀವು ಮೀನನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ಕೆಳಗಿನಿಂದ ಮೇಲಕ್ಕೆ ನಡೆಯಿರಿ, ನೆರಳು ಮುಂದೆ ಬೀಳದಂತೆ ನೋಡಿಕೊಳ್ಳಿ, ದೂರದಿಂದ ಎಸೆಯಿರಿ. ಅಕ್ಟೋಬರ್‌ನಲ್ಲಿ ತೊಂದರೆ ಬೇರೆ: ನೀರಿನ ತುಂಬ ಮೇಪಲ್ ಎಲೆ. ಮೂರು ಮುಳ್ಳಿನ ಗಾಳಗಳುಳ್ಳ ಜರ್ಕ್‌ಬೇಟ್ ಪ್ರತಿ ಎಸೆತದಲ್ಲೂ ಎಲೆಯನ್ನೇ ಹಿಡಿದು ತರುತ್ತದೆ. ಆಗ ಒಂಟಿ ಗಾಳದ ನೆಡ್ ರಿಗ್‌ಗೆ ಬದಲಾಯಿಸಿ.

ಪಾಚಿ ಹಿಡಿದ ಕಲ್ಲು ಎಣ್ಣೆ ಸವರಿದಂತೆ ಜಾರುತ್ತದೆ. ನೀರಿನಲ್ಲಿ ನಡೆಯಲು ತೊಡುವ ಎದೆಮಟ್ಟದ ವೇಡರ್‌ಗೆ ಸೊಂಟದಲ್ಲಿ ಬೆಲ್ಟ್ ಬಿಗಿಯದೆ ಇಳಿಯಬೇಡಿ. ಬಿದ್ದಾಗ ಒಳಗೆ ನೀರು ತುಂಬದಂತೆ ತಡೆಯುವುದು ಆ ಬೆಲ್ಟ್. ಊರುಗೋಲು ಇರಲಿ. ಅಣೆಕಟ್ಟಿನ ಬುಡಕ್ಕೆ ಹೋಗಲೇಬೇಡಿ.

6. ಸರೋವರದಲ್ಲಿ ಹುಡುಕುವುದು

ಸೇಂಟ್ ಕ್ಲೇರ್ ವಿಶಾಲವಾದರೂ ಆಳವಿಲ್ಲದ ಸರೋವರ. ಸರಾಸರಿ ಆಳ ಸುಮಾರು 11 ಅಡಿ. ಹಡಗುಗಳಿಗಾಗಿ ಅಗೆದ ಕಾಲುವೆಯನ್ನು ಬಿಟ್ಟರೆ ಎಲ್ಲೂ 21 ಅಡಿಗಿಂತ ಹೆಚ್ಚಿಲ್ಲ. ಹಾಗಾಗಿ ಇಲ್ಲಿ ಆಳ ಹುಡುಕುವುದೆಂದರೆ ಎರಡು ಮೂರು ಅಡಿಯ ತಗ್ಗನ್ನು ಹುಡುಕುವುದು. 13 ಅಡಿಯಿಂದ 16 ಅಡಿಗೆ ಇಳಿಯುವ ಅಂಚು, ಮರಳಿನ ನಡುವೆ ಒಂದು ಕಲ್ಲುಹಾಸು, ಅಗೆದ ಕಾಲುವೆಯ ದಂಡೆ, ಇವೇ ಇಲ್ಲಿನ ಬೆಟ್ಟಗುಡ್ಡಗಳು.

ಹುಲ್ಲಿನ ಬಣ್ಣ ನೋಡಿ. ಆಗಸ್ಟ್‌ನಲ್ಲಿ ನೀರೊಳಗಿನ ಹುಲ್ಲೆಲ್ಲ ಹಸಿರು, ಮೀನು ಎಲ್ಲೆಡೆ. ಹುಲ್ಲು ಕಂದುಬಣ್ಣಕ್ಕೆ ತಿರುಗಿ ಕೊಳೆಯತೊಡಗಿದರೆ ಅಲ್ಲಿನ ಆಮ್ಲಜನಕ ತಗ್ಗುತ್ತದೆ, ಮರಿಮೀನುಗಳು ಬಿಟ್ಟು ಹೋಗುತ್ತವೆ, ಬಾಸ್ ಹಿಂಬಾಲಿಸುತ್ತದೆ. ಗಾಳಕ್ಕೆ ಸಿಕ್ಕಿ ಬಂದ ಎಳೆಯನ್ನು ಬೆರಳಲ್ಲಿ ಮುರಿಯಿರಿ. ಗರಿಗರಿಯಾಗಿ ಮುರಿದರೆ ಅಲ್ಲೇ ಇರಿ, ಲೋಳೆಯಾಗಿ ಹಿಸುಕಿ ಬಂದರೆ ದೋಣಿ ಮುಂದಕ್ಕೆ ತೆಗೆಯಿರಿ.

ಇಲ್ಲಿನ ಬಾಸ್‌ನ ಮುಖ್ಯ ಆಹಾರ ಗೋಬಿ. ಕಪ್ಪು ಸಮುದ್ರದ ಕಡೆಯಿಂದ ಹಡಗುಗಳ ನೀರಿನಲ್ಲಿ ಬಂದ, ತಳದಲ್ಲೇ ಬದುಕುವ ಪುಟ್ಟ ಮೀನು. ಈ ಸೀಮೆಯಲ್ಲಿ ಮೊದಲು ಕಂಡದ್ದು 1990ರಲ್ಲಿ, ಸೇಂಟ್ ಕ್ಲೇರ್ ನದಿಯಲ್ಲಿ. ದೋಣಿಗೆ ಎತ್ತಿದ ಬಾಸ್ ಕೆಲವೊಮ್ಮೆ ಅರೆ ಜೀರ್ಣವಾದ ಗೋಬಿಯನ್ನು ಕಕ್ಕುತ್ತದೆ: ದಪ್ಪ ತಲೆ, ಕಪ್ಪೆಯಂಥ ಕಣ್ಣು, ಬೆನ್ನಿನ ರೆಕ್ಕೆಯಲ್ಲಿ ಒಂದು ಕಪ್ಪು ಚುಕ್ಕೆ. ಒಮ್ಮೆ ಅದನ್ನು ಅಂಗೈಯಲ್ಲಿಟ್ಟು ಪಕ್ಕದಲ್ಲಿ ಪಾಚಿಹಸಿರಿನ ಟ್ಯೂಬ್ ಇಟ್ಟು ನೋಡಿದೆ. ಟ್ಯೂಬನ್ನು ಏಕೆ ತಳದಲ್ಲಿ ಎಳೆಯಬೇಕೆಂದು ನನಗೆ ಅಂದೇ ತಿಳಿಯಿತು. ಆದರೆ ಗೋಬಿಯನ್ನೇ ಎರೆಯಾಗಿ ಬಳಸುವ ಯೋಚನೆ ಬೇಡ. ಮಿಷಿಗನ್‌ನಲ್ಲಿ ಜೀವಂತ ಗೋಬಿ ಇಟ್ಟುಕೊಳ್ಳುವುದೇ ಅಪರಾಧ.

ಜೋರು ಗಾಳಿ ಬೀಸಿದರೆ ಇಷ್ಟು ತೆಳು ನೀರು ಬೇಗ ಕದಡುತ್ತದೆ. ಹ್ಯೂರಾನ್ ಸರೋವರದ ತಿಳಿನೀರನ್ನು ತರುವ ಸೇಂಟ್ ಕ್ಲೇರ್ ನದಿ ಉತ್ತರದಲ್ಲಿ ಸೇರುವುದರಿಂದ, ಅದರ ಬಾಯಿಗಳ ಹತ್ತಿರದ ನೀರು ಮೊದಲು ತಿಳಿಯಾಗುತ್ತದೆ. ಅಲ್ಲಿಂದ ಶುರು ಮಾಡಿ. ಗಾಳಿಯ ದಿನ ಅಲೆಗಳು ಗಿಡ್ಡವಾಗಿ, ಒತ್ತೊತ್ತಾಗಿ ಏಳುತ್ತವೆ. ಸಣ್ಣ ದೋಣಿ, ಕಯಾಕ್ ಇರುವವರು ಅಂದು ಮನೆಯಲ್ಲೇ ಇರಿ. ನೀರು 50 ಡಿಗ್ರಿ ಇದ್ದಾಗ ಬಿದ್ದರೆ ಕೈಕಾಲು ಮರಗಟ್ಟಲು ಕೆಲವೇ ನಿಮಿಷ ಸಾಕು. ಲೈಫ್ ಜಾಕೆಟ್ ಇರಬೇಕಾದದ್ದು ಮೈಮೇಲೆ, ಸೀಟಿನ ಕೆಳಗಲ್ಲ.

ದೋಣಿ ಇಲ್ಲದವರಿಗೆ ಹ್ಯಾರಿಸನ್ ಟೌನ್‌ಷಿಪ್‌ನ ಲೇಕ್ ಸೇಂಟ್ ಕ್ಲೇರ್ ಮೆಟ್ರೋಪಾರ್ಕ್‌ನ ದಡವಿದೆ, ಡೆಟ್ರಾಯಿಟ್ ನದಿಯ ಬೆಲ್ ಐಲ್‌ನಲ್ಲಿ ಮೀನು ಹಿಡಿಯುವ ಕಟ್ಟೆಗಳಿವೆ.

ಒಳನಾಡಿನ ಆಳದ ಕೆರೆಗಳಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಬೇಸಿಗೆಯಲ್ಲಿ ಮೇಲಿನ ಬೆಚ್ಚನೆ ನೀರು, ಕೆಳಗಿನ ತಣ್ಣೀರು ಪದರಗಳಾಗಿರುತ್ತವೆ. ಮೇಲಿನದು ತಣ್ಣಗಾಗಿ ಭಾರವಾದಾಗ ಎರಡೂ ಮಗುಚಿ ಬೆರೆಯುತ್ತವೆ. ಆ ಕೆಲವು ದಿನ ನೀರು ಕದಡಿ, ಕೊಳೆತ ವಾಸನೆ ಬರಬಹುದು. ಮೀನು ಎಲ್ಲಿ ಬೇಕಾದರೂ ಇರಬಹುದು. ಆ ವಾರ ನದಿಗೆ ಹೋಗುವುದೇ ಲೇಸು.

7. ಎರೆಯನ್ನು ಆಡಿಸುವುದು

ಟ್ಯೂಬನ್ನು ಎಸೆದ ಮೇಲೆ ತಳ ಮುಟ್ಟುವವರೆಗೆ ಕಾಯಿರಿ. ದಾರ ಸಡಿಲವಾದಾಗ ತಳ ಸಿಕ್ಕಿತೆಂದು ಅರ್ಥ. ರೀಲ್ ತಿರುಗಿಸಬೇಡಿ. ಕೋಲನ್ನು ಪಕ್ಕಕ್ಕೆ ಒಂದೆರಡು ಅಡಿ ನಿಧಾನವಾಗಿ ಸರಿಸಿ, ನಿಲ್ಲಿಸಿ, ಸಡಿಲವಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಈಗ ಗಮನ ಬೆರಳ ತುದಿಗೆ ಹೋಗಲಿ. ಮರಳಾದರೆ ಬೆಣ್ಣೆಯ ಮೇಲೆ ಚಾಕು ಸರಿದಂತೆ ನುಣುಪು. ಹುಲ್ಲಾದರೆ ಜಗ್ಗಿ ಜಗ್ಗಿ ತಟ್ಟನೆ ಬಿಡುತ್ತದೆ. ಕಲ್ಲಾದರೆ ಟಕ್, ಟಕ್, ಟಕ್. ಕಲ್ಲು ಸಿಕ್ಕಿದರೆ ಆ ಜಾಗವನ್ನು ಗುರುತು ಹಾಕಿಕೊಂಡು ಸುತ್ತಲೂ ಹತ್ತು ಎಸೆತ ಹಾಕಿ.

ಕಚ್ಚಿದ್ದು ಹೇಗೆ ತಿಳಿಯುತ್ತದೆ? ಹೊಸಬರು ದೊಡ್ಡ ಎಳೆತಕ್ಕಾಗಿ ಕಾಯುತ್ತಾರೆ. ಬಹಳ ಸಲ ಅದು ಬರುವುದೇ ಇಲ್ಲ. ಟಕ್ ಎನ್ನುತ್ತಿದ್ದ ಎರೆ ಇದ್ದಕ್ಕಿದ್ದಂತೆ ಭಾರವಾಗುತ್ತದೆ, ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ. ಇಲ್ಲವೇ ಭಾರವೇ ಇಲ್ಲದಂತಾಗುತ್ತದೆ. ಎರಡೂ ಮೀನೇ. ಸಡಿಲ ಸುತ್ತಿಕೊಂಡು ಕೋಲನ್ನು ಪಕ್ಕಕ್ಕೆ ದೃಢವಾಗಿ ಎಳೆಯಿರಿ. ನೆಡ್ ರಿಗ್‌ನ ಗಾಳ ಸಣ್ಣದು, ಅದಕ್ಕೆ ಜೋರು ಬೇಡ. ದಾರ ಬಿಗಿದರೆ ಸಾಕು.

ಜರ್ಕ್‌ಬೇಟ್‌ನ ಗುಟ್ಟೆಲ್ಲ ನಿಲ್ಲಿಸುವುದರಲ್ಲಿದೆ. ಎರಡು ಸಲ ಜಗ್ಗಿ, ನಿಲ್ಲಿಸಿ. ನೀರು 60 ಇದ್ದರೆ ಎರಡು ಎಣಿಸುವಷ್ಟು, 48 ಇದ್ದರೆ ಹತ್ತು ಎಣಿಸುವಷ್ಟು. ಆ ಹತ್ತು ಎಣಿಸುವುದು ಕಷ್ಟ. ಎಂಟಕ್ಕೇ ಕೈ ತುರಿಸುತ್ತದೆ. ಎಣಿಸಿ ಮುಗಿಸಿ, ಏಕೆಂದರೆ ತಣ್ಣೀರಿನ ಮೀನು ಬಂದು ನೋಡಿ ತೀರ್ಮಾನಿಸಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ.

ಒಂದು ಜಾಗದಲ್ಲಿ ಹದಿನೈದು ನಿಮಿಷದಲ್ಲಿ ಏನೂ ಆಗದಿದ್ದರೆ ಎದ್ದು ಹೋಗಿ. ಒಂದು ಮೀನು ಸಿಕ್ಕಿದರೆ ಮಾತ್ರ ಅಲ್ಲಾಡಬೇಡಿ, ಅದೇ ಜಾಗಕ್ಕೆ ಮತ್ತೆ ಎಸೆಯಿರಿ. ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ: ಬರಿದಾದ ಜಾಗದಲ್ಲಿ ಎರಡು ಗಂಟೆ ನಿಲ್ಲುತ್ತಾರೆ, ಮೀನು ಸಿಕ್ಕಿದ ಕೂಡಲೇ ಫೋಟೋ ತೆಗೆದು ಮುಂದೆ ಹೋಗುತ್ತಾರೆ.

8. ಗಾಳಕ್ಕೆ ಬಿದ್ದ ಮೇಲೆ

ಸ್ಮಾಲ್‌ಮೌತ್ ನೀರಿನಿಂದ ಚಿಮ್ಮಿ ತಲೆ ಕೊಡವುತ್ತದೆ. ಗಾಳ ಹಾರುವುದು ಆಗಲೇ. ದಾರ ಮೇಲಕ್ಕೇರುತ್ತಿರುವುದು ಕಂಡರೆ ಕೋಲಿನ ತುದಿಯನ್ನು ನೀರಿನ ಕಡೆ ತಗ್ಗಿಸಿ, ಎಳೆತ ಬಿಡಬೇಡಿ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲ್ ತಾನಾಗಿ ದಾರ ಬಿಟ್ಟುಕೊಡುವ ಬಿಗಿತ, ಕೈಯಿಂದ ಜಗ್ಗಿದರೆ ಸರಾಗವಾಗಿ ಬಿಡುವಷ್ಟಿರಲಿ.

ಪ್ರತಿ ಮೀನಿನ ನಂತರ ಲೀಡರ್‌ನ ಕೊನೆಯ ಎರಡು ಅಡಿಯನ್ನು ಬೆರಳುಗಳ ನಡುವೆ ಸವರಿ ನೋಡಿ. ಸರೋವರದ ಕಲ್ಲುಗಳ ಮೇಲೆ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಗಳು ಅಂಟಿಕೊಂಡಿರುತ್ತವೆ, ಅಂಚು ಬ್ಲೇಡಿನಷ್ಟು ಹರಿತ. ಒಂದೇ ಒಂದು ತರಿ ಬೆರಳಿಗೆ ತಾಗಿದರೂ ಕತ್ತರಿಸಿ ಮತ್ತೆ ಕಟ್ಟಿ. ನಾನು ಕಳೆದುಕೊಂಡ ಅತಿ ದೊಡ್ಡ ಮೀನು ಹಾಗೆ ಕತ್ತರಿಸದೆ ಬಿಟ್ಟ ದಾರದಲ್ಲೇ ಹೋದದ್ದು.

9. ಬಿಡುವುದು, ಒಯ್ಯುವುದು

ಒಯ್ಯಬೇಕೋ ಬೇಡವೋ ನಿಮ್ಮ ಇಷ್ಟ, ಪ್ರತ್ಯೇಕ ನಿಯಮವಿಲ್ಲದ ಕಡೆ ಕಾನೂನು ಒಪ್ಪುತ್ತದೆ. ನಾನು ಈ ಕಾಲದಲ್ಲಿ ಒಂದನ್ನೂ ಒಯ್ಯುವುದಿಲ್ಲ. ಇಲ್ಲಿನ ತಣ್ಣೀರಿನಲ್ಲಿ 14 ಅಂಗುಲ ಬೆಳೆಯಲು ಸ್ಮಾಲ್‌ಮೌತ್‌ಗೆ ಸುಮಾರು ಐದು ವರ್ಷ ಬೇಕು. ಮೈಲಿಗಟ್ಟಲೆ ನದಿಯ ಮೀನೆಲ್ಲ ಒಂದೇ ಮಡುವಿನಲ್ಲಿ ಸೇರಿರುವಾಗ ಆ ಮಡುವಿನಿಂದ ದಿನವೂ ಐದೈದು ಒಯ್ದರೆ ಮುಂದಿನ ವಸಂತದಲ್ಲಿ ಮೊಟ್ಟೆಯಿಡಲು ಹಿಂದಿರುಗುವವು ಯಾವುವು? ಸಾರಿಗೆ ಮೀನು ಬೇಕಾದರೆ ಪರ್ಚ್ ಹಿಡಿಯಿರಿ, ರುಚಿಯೂ ಮೇಲು. ತಿನ್ನುವುದಾದರೆ ಯಾವ ನೀರಿನ ಯಾವ ಮೀನನ್ನು ತಿಂಗಳಿಗೆ ಎಷ್ಟು ತಿನ್ನಬಹುದೆಂದು ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸುವ 'ಈಟ್ ಸೇಫ್ ಫಿಶ್' ಕೈಪಿಡಿ ನೋಡಿ. ಮಕ್ಕಳು, ಬಸುರಿಯರು ಇರುವ ಮನೆಯಲ್ಲಿ ಇದನ್ನು ತಪ್ಪಿಸಬೇಡಿ.

ಬಿಡುವಾಗ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಕೆಳದವಡೆಯನ್ನು ಹಿಡಿದರೆ ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಕಿವಿರಿಗೆ ಬೆರಳು ಹಾಕಬೇಡಿ. ನೀವು ಉಸಿರು ಹಿಡಿದಿರಬಲ್ಲಷ್ಟು ಹೊತ್ತಿನಲ್ಲಿ ಫೋಟೋ ಮುಗಿಯಲಿ. 30 ಅಡಿಗಿಂತ ಆಳದಿಂದ ಎತ್ತಿದ ಮೀನಿನ ಗಾಳಿಚೀಲ ಉಬ್ಬಿ ಅದು ಮತ್ತೆ ಕೆಳಗೆ ಇಳಿಯಲಾರದು. ಬಿಡುವ ಉದ್ದೇಶವಿದ್ದರೆ ಅಷ್ಟು ಆಳದಲ್ಲಿ ಹಿಡಿಯಲೇಬೇಡಿ.

ದಡ ಸೇರಿದ ಮೇಲೆ ದೋಣಿಯ ಬಿರಡೆಗಳನ್ನೆಲ್ಲ ತೆಗೆದು ನೀರು ಬಸಿದು, ಅಂಟಿದ ಹುಲ್ಲು ಕಿತ್ತು ಆಮೇಲೆ ರಸ್ತೆಗೆ ಇಳಿಯಿರಿ. ಮಿಷಿಗನ್‌ನಲ್ಲಿ ಇದು ಕಡ್ಡಾಯ. ಗೋಬಿ, ಮಸಲ್‌ಗಳಂಥವು ಹೊಸ ಕೆರೆ ಸೇರುವುದನ್ನು ತಡೆಯುವ ದಾರಿ ಇದು. ವೇಡರ್‌ಗಳನ್ನೂ ಒಣಗಿಸಿ.

ಥರ್ಮಾಮೀಟರ್ 40 ತೋರಿಸಿದ ದಿನ ನಾನು ನಿಲ್ಲಿಸುತ್ತೇನೆ. ರೀಲ್ ಒರೆಸಿ, ಡ್ರ್ಯಾಗ್‌ನ ತಿರುಪನ್ನು ಪೂರ್ತಿ ಸಡಿಲಿಸಿ ಇಡಿ. ಚಳಿಗಾಲವಿಡೀ ಬಿಗಿದೇ ಇದ್ದರೆ ಒಳಗಿನ ಬಿಲ್ಲೆ ಒತ್ತಿಹೋಗಿ, ಮೇ ತಿಂಗಳ ಮೊದಲ ಮೀನಿಗೇ ದಾರ ತಡವರಿಸುತ್ತದೆ.